ಮೈಕು ಕೊಳ್ಳುವ ಮುನ್ನ ಕೋಣೆಗೆ ಕಿವಿಗೊಡಿ

"ಬಜೆಟ್ ಹತ್ತು ಸಾವಿರ. ಒಳ್ಳೆಯ ಕಂಡೆನ್ಸರ್ ಮೈಕು ಯಾವುದು ಹೇಳಿ." ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ಸಲ ಕಾಣಿಸಿಕೊಂಡಿರುವ ಪ್ರಶ್ನೆ ಇದು. ಕೇಳುವವರು ಮಾತ್ರ ಬೇರೆ ಬೇರೆ. ಪುಣೆಯಲ್ಲಿ ಕೆಲಸ ಮುಗಿಸಿ ಬಂದು ರಾತ್ರಿ ಕನ್ನಡ ಪಾಡ್‌ಕಾಸ್ಟ್ ಮಾಡಬೇಕೆಂದಿರುವ ಹುಡುಗ, ಚೆನ್ನೈಯಲ್ಲಿ ಭಾವಗೀತೆ ಹಾಡಿ ಯೂಟ್ಯೂಬಿಗೆ ಹಾಕುವ ಗೃಹಿಣಿ, ದಿಲ್ಲಿಯಲ್ಲಿ ಕನ್ನಡ ಕತೆಗಳನ್ನು ಗಟ್ಟಿಯಾಗಿ ಓದಿ ಊರಿನ ಗೆಳೆಯರಿಗೆ ಕಳಿಸುವ ನಿವೃತ್ತ ಅಧಿಕಾರಿ. ಮೂವರಿಗೂ ಒಂದೇ ಮೈಕಿನ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದು. ಹೇಳಿದರೆ ಮೂವರಲ್ಲಿ ಇಬ್ಬರ ದುಡ್ಡು ದಂಡ. ಹಾಗಾಗಿ ಈ ಸಲ ಹೆಸರಿಗಿಂತ ಮೊದಲು ಆರಿಸುವ ಕ್ರಮ ಹೇಳುತ್ತೇನೆ. ಹೆಸರುಗಳೂ ಬರುತ್ತವೆ, ಸ್ವಲ್ಪ ತಾಳ್ಮೆ ಇರಲಿ.

ಕಂಡೆನ್ಸರ್ ಅಂದರೆ ಏನು?

ತೀರಾ ತೆಳುವಾದ ಒಂದು ಪೊರೆ, ಅದರ ಮೇಲೆ ಲೋಹದ ಲೇಪ. ಅದರ ಹಿಂದೆ, ಕೂದಲೆಳೆಯಷ್ಟು ಸಂದು ಬಿಟ್ಟು, ಒಂದು ಲೋಹದ ತಟ್ಟೆ. ಎರಡರ ನಡುವೆ ವಿದ್ಯುತ್ ಆವೇಶ. ನೀವು ಮಾತಾಡಿದಾಗ ಗಾಳಿ ಅಲುಗಿ ಪೊರೆ ಅಲುಗುತ್ತದೆ, ಸಂದು ಹಿಗ್ಗಿ ಕುಗ್ಗುತ್ತದೆ, ಆ ಏರಿಳಿತವೇ ವಿದ್ಯುತ್ತಾಗಿ ಹೊರಬರುತ್ತದೆ. 1916ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಇ.ಸಿ. ವೆಂಟೆ ಕಂಡುಹಿಡಿದ ತತ್ವ ಇದು. ಡೈನಾಮಿಕ್ ಮೈಕಿನಲ್ಲಿ ಪೊರೆಗೆ ತಂತಿಯ ಸುರುಳಿ ಅಂಟಿಕೊಂಡಿರುತ್ತದೆ, ಅದು ಆಯಸ್ಕಾಂತದ ನಡುವೆ ಅಲ್ಲಾಡಬೇಕು. ಸುರುಳಿ ಹೊತ್ತ ಪೊರೆ ಭಾರ, ಬರಿಯ ಪೊರೆ ಹಗುರ. ಹಗುರವಾದದ್ದು ಬೇಗ ಅಲುಗುತ್ತದೆ. ಅದಕ್ಕೇ ಉಸಿರಿನ ಎಳೆ, ತಂಬೂರಿಯ ಝೇಂಕಾರ, ಗೆಜ್ಜೆಯ ಸದ್ದು ಇವೆಲ್ಲ ಕಂಡೆನ್ಸರಿನಲ್ಲಿ ಹೆಚ್ಚು ಸ್ಪಷ್ಟ.

1962ರಲ್ಲಿ ಬೆಲ್ ಲ್ಯಾಬ್ಸ್‌ನ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಇದಕ್ಕೊಂದು ಅಗ್ಗದ ದಾರಿ ಕಂಡುಕೊಂಡರು. ವಿದ್ಯುತ್ ಆವೇಶವನ್ನು ವಸ್ತುವಿನಲ್ಲೇ ಶಾಶ್ವತವಾಗಿ ಕೂಡಿಹಾಕಿಬಿಟ್ಟರೆ ಹೊರಗಿನಿಂದ ಕೊಡುವ ತಾಪತ್ರಯವಿಲ್ಲ. ಅದೇ ಎಲೆಕ್ಟ್ರೆಟ್ ಕಂಡೆನ್ಸರ್. ಅಲ್ಲಿಂದ ಮುಂದೆ ಟೇಪ್ ರೆಕಾರ್ಡರು, ಟೆಲಿಫೋನು, ಕಾಲರಿಗೆ ಸಿಕ್ಕಿಸುವ ಪುಟ್ಟ ಮೈಕು ಎಲ್ಲದರಲ್ಲೂ ಇದೇ ಬಂತು. ನಿಮ್ಮ ಜೇಬಿನ ಫೋನಿನಲ್ಲಿರುವ ಮೈಕೂ ಜಾತಿಯಲ್ಲಿ ಕಂಡೆನ್ಸರೇ. ಇಷ್ಟು ಯಾಕೆ ಹೇಳಿದೆ ಅಂದರೆ, ಡಬ್ಬಿಯ ಮೇಲೆ "ಪ್ರೊಫೆಷನಲ್ ಕಂಡೆನ್ಸರ್" ಅಂತ ದಪ್ಪಕ್ಷರದಲ್ಲಿ ಬರೆದ ಮಾತ್ರಕ್ಕೆ ಅದು ಗುಣಮಟ್ಟದ ಪ್ರಮಾಣಪತ್ರ ಆಗುವುದಿಲ್ಲ. ಅದು ಕೆಲಸ ಮಾಡುವ ರೀತಿಯ ಹೆಸರು, ಅಷ್ಟೇ.

ಅಗ್ಗದ ಕಿಟ್ಟಿನ ಕತೆ

ಆನ್‌ಲೈನಿನಲ್ಲಿ ಹುಡುಕಿದರೆ ಮೊದಲು ಎದುರಾಗುವುದು ಬಿಎಂ-800 ಎಂಬ ಹೆಸರಿನ ಮೈಕು. ಮೈಕು, ಮೇಜಿಗೆ ಸಿಕ್ಕಿಸುವ ತೋಳು, ಪಾಪ್ ಫಿಲ್ಟರು, ತಂತಿ, ಬಣ್ಣಬಣ್ಣದ ಗುಂಡಿಗಳಿರುವ ಸೌಂಡ್ ಕಾರ್ಡು, ಎಲ್ಲ ಸೇರಿಸಿ ಒಂದು ಕಿಟ್ಟು. ಬೇರೆ ಬೇರೆ ಹೆಸರಿನಲ್ಲಿ ಹತ್ತಾರು ಮಂದಿ ಮಾರುತ್ತಾರೆ. ನೋಡಲು ದೊಡ್ಡ ಸ್ಟುಡಿಯೋ ಮೈಕಿನ ಹಾಗೇ ಇರುತ್ತದೆ. ಜಾಲರಿ ಬಿಚ್ಚಿ ನೋಡಿದರೆ ಇಂಥ ಅನೇಕ ಮೈಕುಗಳ ಒಳಗೆ ಇರುವುದು ಅಂಗಿ ಗುಂಡಿಗಿಂತ ಕೊಂಚ ದೊಡ್ಡ ಎಲೆಕ್ಟ್ರೆಟ್ ಬಿಲ್ಲೆ. ಹೊರಗಿನ ದೊಡ್ಡ ತಲೆ ಬರೀ ವೇಷ.

ಅದರ ಜೊತೆ ಬರುವ ತಂತಿಯೂ ಗಮನಿಸಬೇಕಾದದ್ದು. ಒಂದು ತುದಿಯಲ್ಲಿ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ಹೆಡ್‌ಫೋನ್ ತೂತಿಗೆ ಹೋಗುವ ಸಣ್ಣ ಪಿನ್ನು. ಕಂಪ್ಯೂಟರಿನ ಆ ತೂತು ಕೊಡುವುದು ನಾಲ್ಕೈದು ವೋಲ್ಟು ಮೀರದ ವಿದ್ಯುತ್ತು. ಸರಿಯಾದ ಸ್ಟುಡಿಯೋ ಕಂಡೆನ್ಸರಿಗೆ ಬೇಕಾದದ್ದು 48 ವೋಲ್ಟು. ಅದಕ್ಕೆ ಫ್ಯಾಂಟಮ್ ಪವರ್ ಅನ್ನುತ್ತಾರೆ. ದನಿ ಹೊತ್ತು ತರುವ ತಂತಿಯಲ್ಲೇ ಕಣ್ಣಿಗೆ ಕಾಣದಂತೆ ವಿದ್ಯುತ್ತೂ ಹೋಗುವುದರಿಂದ ಆ ಹೆಸರು. ಬಿಎಂ-800 ಕಡಿಮೆ ವಿದ್ಯುತ್ತಿನಲ್ಲೂ ಹೇಗೋ ದನಿ ಕೊಡುತ್ತದೆ, ಜೊತೆಗೆ ಸುಯ್ ಅನ್ನುವ ಸದ್ದನ್ನೂ ಕೊಡುತ್ತದೆ. ಮಗ ಶಾಲೆಯ ಪ್ರಾಜೆಕ್ಟಿಗೆ ಮಾತಾಡಿ ಕಳಿಸಬೇಕು ಅನ್ನುವುದಾದರೆ ತೊಂದರೆಯಿಲ್ಲ. ವರ್ಷಗಟ್ಟಲೆ ಉಳಿಯಬೇಕಾದ ಹಾಡಿಗೆ ಬೇಡ. ಅದಕ್ಕಿಂತ ನಿಮ್ಮ ಫೋನೇ ವಾಸಿ.

ಮೈಕಿನ ಸದ್ದು ಹೆಚ್ಚೋ, ಮನೆಯ ಸದ್ದು ಹೆಚ್ಚೋ?

ಮೈಕಿನ ಲಕ್ಷಣಪಟ್ಟಿಯಲ್ಲಿ "ಸೆಲ್ಫ್ ನಾಯ್ಸ್" ಅಂತ ಒಂದು ಅಂಕಿ ಇರುತ್ತದೆ. ಏನೂ ಸದ್ದಿಲ್ಲದಾಗ ಮೈಕು ತಾನೇ ಹೊರಡಿಸುವ ಸುಯ್‌ಗುಟ್ಟುವಿಕೆ ಅದು. ಕಡಿಮೆ ಇದ್ದಷ್ಟೂ ಒಳ್ಳೆಯದು. ಆಡಿಯೋ-ಟೆಕ್ನಿಕಾದ ಎಟಿ2020ಕ್ಕೆ ಅದು 20 ಡೆಸಿಬೆಲ್. ಅದೇ ಕಂಪನಿಯ ಎಟಿ2035ಕ್ಕೆ 12. ರೋಡ್ ಕಂಪನಿಯ ಎನ್‌ಟಿ1-ಎಗೆ 5. ಪಟ್ಟಿ ನೋಡಿದ ಕೂಡಲೇ ಮನಸ್ಸು ಐದರ ಕಡೆ ಓಡುತ್ತದೆ. ಇನ್ನೂ ನಾಲ್ಕೈದು ಸಾವಿರ ಸೇರಿಸಿದರೆ ಹೇಗೆ ಅಂತ ಲೆಕ್ಕ ಶುರುವಾಗುತ್ತದೆ.

ಸ್ವಲ್ಪ ನಿಲ್ಲಿ. ಹಳ್ಳಿಯ ರಾತ್ರಿಯ ನಿಶ್ಶಬ್ದ ಮಲಗುವ ಕೋಣೆಯೇ ಸುಮಾರು 30 ಡೆಸಿಬೆಲ್ಲಿನ ಆಸುಪಾಸು ಇರುತ್ತದೆ. ನಮ್ಮ ಮಹಾನಗರದ ಫ್ಲಾಟಿನಲ್ಲಿ ಫ್ಯಾನು ತಿರುಗುತ್ತಿದ್ದರೆ, ಕೆಳಗೆ ರಿಕ್ಷಾ ಓಡಾಡುತ್ತಿದ್ದರೆ 40 ದಾಟುವುದು ದೊಡ್ಡ ಮಾತಲ್ಲ. ನಲವತ್ತರ ಗದ್ದಲದಲ್ಲಿ ಮೈಕಿನ ಸ್ವಂತ ಸದ್ದು ಇಪ್ಪತ್ತಾದರೇನು, ಐದಾದರೇನು? ಸಂತೆಯಲ್ಲಿ ಪಿಸುಮಾತಿನ ಜಗಳ. ಎರಡೂ ಕೇಳುವುದಿಲ್ಲ. ಐದು ಡೆಸಿಬೆಲ್ಲಿನ ಮೈಕು ತಂದು ನಲವತ್ತು ಡೆಸಿಬೆಲ್ಲಿನ ಕೋಣೆಯಲ್ಲಿ ಇಟ್ಟರೆ ನೀವು ಹೆಚ್ಚು ಕೊಟ್ಟ ದುಡ್ಡು ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನು ಚೊಕ್ಕವಾಗಿ ಹಿಡಿದುಕೊಡಲು ಮಾತ್ರ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಮೊದಲು ಮಾಡಬೇಕಾದ ಕೆಲಸ ಅಂಗಡಿಗೆ ಹೋಗುವುದಲ್ಲ. ನೀವು ರೆಕಾರ್ಡ್ ಮಾಡಬೇಕೆಂದಿರುವ ಕೋಣೆಯಲ್ಲಿ, ಮಾಡಬೇಕೆಂದಿರುವ ಹೊತ್ತಿನಲ್ಲಿ, ಫ್ಯಾನು ಆರಿಸಿ, ಫೋನನ್ನು ಒಂದು ಗೇಣು ದೂರದಲ್ಲಿ ಇಟ್ಟುಕೊಂಡು ಎರಡು ನಿಮಿಷ ರೆಕಾರ್ಡ್ ಮಾಡಿ. ಮೊದಲ ನಿಮಿಷ ಸುಮ್ಮನಿರಿ, ಎರಡನೆಯ ನಿಮಿಷ ಮಾತಾಡಿ ಅಥವಾ ಹಾಡಿ. ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ ಕೇಳಿ. ಸುಮ್ಮನಿದ್ದ ನಿಮಿಷದಲ್ಲಿ ಏನೇನು ಕೇಳಿಸಿತು, ಬರೆದಿಟ್ಟುಕೊಳ್ಳಿ. ಫ್ರಿಜ್ಜು, ಲಿಫ್ಟು, ಮೇಲಿನ ಮನೆಯವರು ಕುರ್ಚಿ ಎಳೆದದ್ದು. ಮಾತಾಡಿದ ನಿಮಿಷದಲ್ಲಿ ನಿಮ್ಮ ದನಿಗೆ ಬಚ್ಚಲುಮನೆಯಲ್ಲಿ ಮಾತಾಡಿದ ಹಾಗೆ ಬಾಲ ಬೆಳೆದಿದೆಯೇ ನೋಡಿ. ಈ ಎರಡು ನಿಮಿಷಕ್ಕೆ ಖರ್ಚಿಲ್ಲ. ಕೊಳ್ಳಬೇಕೋ ಬೇಡವೋ ಅನ್ನುವುದರ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ.

ಕೌದಿ ಎಂಬ ಸ್ಟುಡಿಯೋ

ನಮ್ಮ ಫ್ಲಾಟುಗಳ ಕೋಣೆಗಳು ಸಣ್ಣವು, ಗೋಡೆಗಳು ಗಟ್ಟಿ, ನೆಲ ಟೈಲ್ಸು. ದನಿ ಗೋಡೆಗೆ ಬಡಿದು ಬಡಿದು ವಾಪಸು ಬರುತ್ತದೆ. ಮೊಟ್ಟೆಯ ಟ್ರೇ ಅಂಟಿಸಿದರೆ ಸರಿಹೋಗುತ್ತದೆ ಅನ್ನುವ ನಂಬಿಕೆ ಬಹಳ ಮಂದಿಗಿದೆ. ರಟ್ಟು ತೀರ ಹಗುರ, ಅದು ಹೀರಿಕೊಳ್ಳುವ ಸದ್ದು ಅತ್ಯಲ್ಪ. ಬೇಕಾದದ್ದು ದಪ್ಪವಾದ, ಮೆತ್ತಗಿನ, ಒಳಗೆ ಗಾಳಿ ಹಿಡಿದಿಟ್ಟುಕೊಳ್ಳುವ ವಸ್ತು. ಹತ್ತಿಯ ಹಾಸಿಗೆ, ರಜಾಯಿ, ಬಟ್ಟೆ ತುಂಬಿದ ಕಪಾಟು. ಮನೆಯಲ್ಲಿ ಊರಿನಿಂದ ತಂದ ಕೌದಿ ಇದ್ದರೆ ನೀವು ಅದೃಷ್ಟವಂತರು. ಅಜ್ಜಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದದ್ದು ಅದು. ಅಂಗಡಿಯಲ್ಲಿ ಮಾರುವ ಅರ್ಧ ಇಂಚಿನ ಸ್ಪಂಜಿನ ಚೌಕಗಳಿಗಿಂತ ದಪ್ಪ ಕೌದಿ ಎರಡು ಮಡಿಕೆ ಮಾಡಿ ತೂಗುಹಾಕಿದರೆ ಹೆಚ್ಚು ಕೆಲಸ ಮಾಡುತ್ತದೆ.

ಎಲ್ಲಿ ತೂಗುಹಾಕಬೇಕು ಅನ್ನುವುದು ಮುಖ್ಯ. ಬಹಳ ಮಂದಿ ಮೈಕಿನ ಹಿಂದೆ ಹಾಕುತ್ತಾರೆ. ಮನೆಯಲ್ಲಿ ಬಳಸುವ ಹೆಚ್ಚಿನ ಮೈಕುಗಳು ಕಾರ್ಡಿಯಾಯ್ಡ್ ಜಾತಿಯವು. ಮುಂದಿನಿಂದ ಬಂದದ್ದನ್ನು ಚೆನ್ನಾಗಿ ಕೇಳುತ್ತವೆ, ಹಿಂದಿನದಕ್ಕೆ ಕಿವುಡು. ಹಾಗಾಗಿ ಮೈಕಿನ ಮುಖ ಯಾವ ಗೋಡೆಯನ್ನು ನೋಡುತ್ತಿದೆಯೋ, ಅಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಗೆ ಮೊದಲು ಕೌದಿ ಹಾಕಿ. ಆಮೇಲೆ ಅಕ್ಕಪಕ್ಕ. ಬೀದಿಯ ಕಿಟಕಿ, ಲ್ಯಾಪ್‌ಟಾಪಿನ ಫ್ಯಾನು ಇವೆಲ್ಲ ಮೈಕಿನ ಬೆನ್ನ ಕಡೆಗೆ ಬರುವಂತೆ ಕೂತುಕೊಳ್ಳಿ. ನಾನು ರೆಕಾರ್ಡ್ ಮಾಡುವುದು ಲೋಕಲ್ ರೈಲಿನ ಹಳಿ ಕೇಳಿಸುವ ಒಂದು ಮಲಗುವ ಕೋಣೆಯಲ್ಲಿ. ಕಪಾಟಿನ ಬಾಗಿಲು ತೆಗೆದು ಬಟ್ಟೆಗಳಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಎರಡು ರೈಲುಗಳ ನಡುವೆ ಎಷ್ಟು ಸಾಲು ಓದಬಹುದು ಅನ್ನುವುದು ಬಾಯಿಪಾಠವಾಗಿದೆ. ಕೌದಿ ಪ್ರತಿಧ್ವನಿಯನ್ನು ತಗ್ಗಿಸುತ್ತದೆ, ಹೊರಗಿನ ರೈಲನ್ನು ತಡೆಯುವುದಿಲ್ಲ. ಅದಕ್ಕೆ ಗಡಿಯಾರವೇ ಮದ್ದು.

ದೂರವೂ ಅಷ್ಟೇ ಮುಖ್ಯ. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧಕ್ಕೆ ಇಳಿಸಿದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ಎರಡು ಗೇಣಿನಿಂದ ಒಂದು ಗೇಣಿಗೆ ಸರಿದದ್ದಕ್ಕೆ ಸಿಕ್ಕ ಲಾಭ ಇದು, ಪುಕ್ಕಟೆ. ತೀರಾ ಹತ್ತಿರ ಹೋದರೆ ದನಿಯ ತಗ್ಗು ಭಾಗ ಉಬ್ಬಿ ಗುಡಾಣದಲ್ಲಿ ಮಾತಾಡಿದ ಹಾಗಾಗುತ್ತದೆ. ಒಂದು ಗೇಣು, ಅಂದರೆ ಇಪ್ಪತ್ತು ಸೆಂಟಿಮೀಟರ್ ಆಸುಪಾಸು, ಹೆಚ್ಚಿನವರಿಗೆ ಒಗ್ಗುತ್ತದೆ.

ಡೈನಾಮಿಕ್ ಯಾರಿಗೆ?

"ಕಂಡೆನ್ಸರ್ ಗದ್ದಲವನ್ನೆಲ್ಲ ಎಳೆದುಕೊಳ್ಳುತ್ತದೆ, ಡೈನಾಮಿಕ್ ತಗೋ" ಅನ್ನುವ ಸಲಹೆ ನೀವು ಕೇಳಿರುತ್ತೀರಿ. ಅರ್ಧ ನಿಜ. ಎಟಿ2020 ಅದೇ ದನಿಗೆ ಶ್ಯೂರ್ ಎಸ್‌ಎಂ58ಗಿಂತ ಸುಮಾರು ಏಳೂವರೆ ಪಟ್ಟು ಹೆಚ್ಚು ವೋಲ್ಟೇಜು ಕೊಡುತ್ತದೆ. ಗದ್ದಲಕ್ಕೂ ಅಷ್ಟೇ ಪಟ್ಟು, ದನಿಗೂ ಅಷ್ಟೇ ಪಟ್ಟು. ಎರಡನ್ನೂ ಒಂದೇ ದೂರದಲ್ಲಿ ಇಟ್ಟರೆ ದನಿಗೂ ಗದ್ದಲಕ್ಕೂ ಇರುವ ಅಂತರ ಹೆಚ್ಚುಕಡಿಮೆ ಒಂದೇ. ಡೈನಾಮಿಕ್ ಮೈಕು ಗೆಲ್ಲುವುದು ನಾವು ಅದನ್ನು ತುಟಿಗೆ ತಾಕಿಸಿಕೊಂಡು ಹಾಡುವುದರಿಂದ. 1966ರಲ್ಲಿ ಬಂದ ಎಸ್‌ಎಂ58 ಇವತ್ತಿಗೂ ವೇದಿಕೆಗಳಲ್ಲಿ ಇರುವುದು ಹೀಗೆ ಹತ್ತಿರ ಹಿಡಿದು ಹಾಡಲೆಂದೇ ಅದನ್ನು ಮಾಡಿರುವುದರಿಂದ. ಬಿದ್ದರೂ ಎದ್ದು ಕೆಲಸ ಮಾಡುತ್ತದೆ ಅನ್ನುವುದು ಇನ್ನೊಂದು ಗುಣ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೋಣೆಯನ್ನು ಶಾಂತ ಮಾಡಲು ಸಾಧ್ಯವೇ ಇಲ್ಲ, ಮಾಡುವುದು ಬರೀ ಮಾತು, ಒಬ್ಬರೇ, ಮೈಕಿನ ಹತ್ತಿರ ಶಿಸ್ತಾಗಿ ಕೂತು ಮಾತಾಡಬಲ್ಲಿರಿ ಅಂದರೆ ಡೈನಾಮಿಕ್ ಕೊಳ್ಳಿ. ಪುಣೆಯ ಪಾಡ್‌ಕಾಸ್ಟ್ ಹುಡುಗನಿಗೆ ಇದೇ ಉತ್ತರ. ಆದರೆ ವಿಡಿಯೋಗಳಲ್ಲಿ ಎಲ್ಲರ ಮುಂದೆ ಕಾಣುವ ಎಸ್‌ಎಂ7ಬಿಯ ಮೋಹ ಬೇಡ. ಅದಕ್ಕೆ 60 ಡೆಸಿಬೆಲ್ಲಿನಷ್ಟು ಗೇನ್ ಬೇಕು. ಅಗ್ಗದ ಇಂಟರ್‌ಫೇಸುಗಳು ಅಲ್ಲಿಗೆ ಏರುವಷ್ಟರಲ್ಲಿ ಸುಯ್ ಅನ್ನತೊಡಗುತ್ತವೆ. ಹಾಡು, ವಾದ್ಯ, ಕತೆ ಓದುವುದು, ಇಬ್ಬರು ಕೂತು ಹಾಡುವುದು, ವಯಸ್ಸಾದವರ ದನಿ ಹಿಡಿಯುವುದು ಇವುಗಳಿಗೆ ಕಂಡೆನ್ಸರ್.

ನೂರು ರೂಪಾಯಿಯ ಲೆಕ್ಕ

ಈಗ ಬಜೆಟ್ಟು. ಬಹಳ ಮಂದಿ ಹತ್ತು ಸಾವಿರವನ್ನೂ ಮೈಕಿಗೇ ಸುರಿದು, ಡಬ್ಬಿ ಬಿಚ್ಚಿದ ಮೇಲೆ ಇದನ್ನು ಲ್ಯಾಪ್‌ಟಾಪಿಗೆ ಎಲ್ಲಿ ಸಿಕ್ಕಿಸುವುದು ಅಂತ ಕೇಳುತ್ತಾರೆ. ಎಕ್ಸ್‌ಎಲ್‌ಆರ್ ಕಂಡೆನ್ಸರಿಗೆ 48 ವೋಲ್ಟು ಕೊಡುವ, ದನಿಯನ್ನು ಅಂಕೆಗಳಾಗಿ ಬದಲಿಸುವ ಇಂಟರ್‌ಫೇಸ್ ಬೇಕೇಬೇಕು. ಬೆಹ್ರಿಂಗರ್ ಯುಎಂ2, ಎಂ-ಆಡಿಯೋ ಎಂ-ಟ್ರ್ಯಾಕ್ ಸೋಲೋ ಅಗ್ಗದ ಸಾಲಿನವು. ಎರಡರಲ್ಲೂ 48 ವೋಲ್ಟಿದೆ, ರೆಕಾರ್ಡಿಂಗ್ 16 ಬಿಟ್‌ನದು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಒಂದು ಮೆಟ್ಟಿಲು ಮೇಲೆ, 24 ಬಿಟ್. ಕೈಗೆಟುಕಿದರೆ 24 ಬಿಟ್ಟಿಗೇ ಹೋಗಿ. ದನಿಯನ್ನು ತಗ್ಗಿನಲ್ಲೇ ಹಿಡಿದು ಆಮೇಲೆ ಏರಿಸಿಕೊಳ್ಳಲು ಜಾಗ ಇರುತ್ತದೆ.

ನಿಮ್ಮ ಒಟ್ಟು ಬಜೆಟ್ಟನ್ನು ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ನಲವತ್ತು ಮೈಕಿಗೆ. ಮೂವತ್ತೈದು ಇಂಟರ್‌ಫೇಸಿಗೆ. ಉಳಿದ ಇಪ್ಪತ್ತೈದು ಸ್ಟ್ಯಾಂಡು, ತಂತಿ, ಪಾಪ್ ಫಿಲ್ಟರು, ಕಿವಿ ಮುಚ್ಚುವ ಹೆಡ್‌ಫೋನಿಗೆ. ಈ ಲೆಕ್ಕದಲ್ಲಿ ಹತ್ತು ಸಾವಿರ ಎಕ್ಸ್‌ಎಲ್‌ಆರ್ ದಾರಿಗೆ ಬಿಗಿ. ಹದಿನೈದರಿಂದ ಇಪ್ಪತ್ತು ಇದ್ದರೆ ನೆಮ್ಮದಿ. ಹತ್ತೇ ಇದೆ, ಹಾಡುವವರು ಒಬ್ಬರೇ, ಮುಂದೆ ಇನ್ನೊಂದು ಮೈಕು ಸೇರಿಸುವ ಯೋಚನೆ ಇಲ್ಲ ಅಂದರೆ ಯುಎಸ್‌ಬಿ ಕಂಡೆನ್ಸರ್ ಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ. ಇಂಟರ್‌ಫೇಸ್ ಅದರ ಹೊಟ್ಟೆಯಲ್ಲೇ ಇರುತ್ತದೆ. ಮೈಕಿನಲ್ಲೇ ಹೆಡ್‌ಫೋನ್ ತೂತಿರುವುದನ್ನು ಮಾತ್ರ ಆರಿಸಿ. ಇಲ್ಲದಿದ್ದರೆ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ತಡವಾಗಿ ಕಿವಿಗೆ ಬಂದು ತಾಳ ತಪ್ಪಿಸುತ್ತದೆ.

ಎಕ್ಸ್‌ಎಲ್‌ಆರ್ ದಾರಿಯಲ್ಲಿ ಮೊದಲ ಮೈಕಾಗಿ ಎಟಿ2020 ಹೇಳುತ್ತೇನೆ. ಇದೂ ಎಲೆಕ್ಟ್ರೆಟ್ ಜಾತಿಯದೇ, ಆದರೆ ಹೊಣೆಯರಿತು ಮಾಡಿದ್ದು. ಕೋಣೆ ನಿಜವಾಗಿಯೂ ಶಾಂತವಿದ್ದು, ಮೆಲುದನಿಯಲ್ಲಿ ಹಾಡುವವರಾದರೆ ಎಟಿ2035. ಅದರಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸುವ ಸ್ವಿಚ್ಚಿದೆ. ಫ್ಯಾನಿನ ಗುಂಯ್, ದೂರದ ಲಾರಿಯ ಗುಡುಗುಡು ಕಡಿಮೆಯಾಗುತ್ತದೆ. ಎನ್‌ಟಿ1-ಎ ರಾತ್ರಿ ಹನ್ನೊಂದರ ಮೇಲೆ ಕೂತು ಓದುವ ದಿಲ್ಲಿಯ ಆ ಅಧಿಕಾರಿಗೆ, ಬಜೆಟ್ಟು ಒಪ್ಪಿದರೆ. ಚೆನ್ನೈಯ ಗಾಯಕಿಗೆ ಎಟಿ2020, ಒಂದು ಸರಿಯಾದ ಇಂಟರ್‌ಫೇಸು ಮತ್ತು ಎರಡು ದಪ್ಪ ರಜಾಯಿ.

ಸ, ಶ, ಷ ಮತ್ತು ಮಹಾಪ್ರಾಣ

ಅಗ್ಗದ ಕಂಡೆನ್ಸರುಗಳ ಇನ್ನೊಂದು ಕಾಯಿಲೆ ಸಕಾರ ಚುಚ್ಚುವುದು. ಇದಕ್ಕೊಂದು ಹಿನ್ನೆಲೆಯಿದೆ. ಜರ್ಮನಿಯ ನಾಯ್‌ಮನ್ ಕಂಪನಿ 1960ರಲ್ಲಿ ಯು67 ಎಂಬ ಮೈಕು ತಂದಿತು. ಅದರ ಬಿಲ್ಲೆ ಮೇಲಿನ ಕಂಪನಗಳನ್ನು ಬೇಕೆಂದೇ ಎತ್ತಿ ಹಿಡಿಯುತ್ತಿತ್ತು, ಮೈಕಿನೊಳಗಿನ ಸರ್ಕೀಟು ಅದನ್ನು ಮತ್ತೆ ಹದಕ್ಕೆ ಇಳಿಸುತ್ತಿತ್ತು. ಮುಂದೆ ಬಂದ ಎಷ್ಟೋ ಅಗ್ಗದ ಮೈಕುಗಳು ಆ ಬಿಲ್ಲೆಯ ವಿನ್ಯಾಸವನ್ನು ನಕಲು ಮಾಡಿದವು, ಹದಕ್ಕೆ ಇಳಿಸುವ ಸರ್ಕೀಟನ್ನು ಬಿಟ್ಟುಬಿಟ್ಟವು. ಮೊದಲ ಸಲ ಕೇಳಿದಾಗ ಆಹಾ ಎಷ್ಟು ಸ್ಪಷ್ಟ ಅನ್ನಿಸುತ್ತದೆ. ಹತ್ತು ನಿಮಿಷ ಕೇಳಿದರೆ ಕಿವಿ ನೋಯುತ್ತದೆ. ನಮ್ಮ ಭಾಷೆಯಲ್ಲಿ ಸ, ಶ, ಷ ಮೂರೂ ಇವೆ, ಛ, ಝ ಬೇರೆ. ಸಂಸ್ಕೃತ ಪದ ತುಂಬಿದ ದೇವರನಾಮ ಹಾಡುವವರಿಗೆ ಇದು ಬೇಗ ಗೊತ್ತಾಗುತ್ತದೆ.

ಇನ್ನೊಂದು ಕಡೆ ಪ, ಫ, ಬ, ಭ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಭಾರ", "ಫಲ" ಅನ್ನಿ. ಗಾಳಿ ಬಡಿಯುತ್ತದಲ್ಲ, ಅದು ಪೊರೆಗೆ ಬಡಿದರೆ ರೆಕಾರ್ಡಿಂಗಿನಲ್ಲಿ ಧಬ್ ಅನ್ನುತ್ತದೆ. ಪಾಪ್ ಫಿಲ್ಟರು ಇರುವುದು ಇದಕ್ಕೆ. ಅದು ಮೈಕಿನಿಂದ ನಾಲ್ಕು ಬೆರಳು ದೂರ ಇರಲಿ, ಮೈಕು ಬಾಯಿಗೆ ನೇರ ಇರದೆ ಒಂದು ಚೂರು ಓರೆಯಾಗಿರಲಿ. ಗಾಳಿ ಪಕ್ಕಕ್ಕೆ ಹೋಗುತ್ತದೆ, ದನಿ ಮೈಕಿಗೆ ಬರುತ್ತದೆ. ಸಕಾರ ಚುಚ್ಚುವುದೂ ಸ್ವಲ್ಪ ಇಳಿಯುತ್ತದೆ.

ಇಂಗ್ಲಿಷ್ ವಿಮರ್ಶೆಯ ವಿಡಿಯೋ ನೋಡಿ ಮೈಕು ಆರಿಸುವುದು ಸಾಲದು ಅನ್ನಲು ಇದೇ ಕಾರಣ. ಮೈಕನ್ನು ಕನ್ನಡದಲ್ಲಿ ಪರೀಕ್ಷಿಸಿ. ನಾನು ಬಳಸುವ ವಾಕ್ಯ ಇದು: "ಭದ್ರಪ್ಪನ ಬಸ್ಸು ಫಲಕಕ್ಕೆ ಬಡಿದು ನಿಂತಿತು, ಶೇಷಮ್ಮನ ಸೊಸೆ ಸಾಸಿವೆ ಸಿಡಿಸಿದಳು." ಅರ್ಥ ಬೇಡಿ, ಅಕ್ಷರ ನೋಡಿ. ಮುಂಬಯಿಯ ಲ್ಯಾಮಿಂಗ್ಟನ್ ರೋಡು, ಚೆನ್ನೈಯ ರಿಚಿ ಸ್ಟ್ರೀಟು, ಹೈದರಾಬಾದಿನ ಕೋಟಿ, ದಿಲ್ಲಿಯ ಲಜಪತ್ ರಾಯ್ ಮಾರ್ಕೆಟ್ಟು ತಂತಿ, ಸ್ಟ್ಯಾಂಡು, ಪಿನ್ನುಗಳಿಗೆ ಒಳ್ಳೆಯ ಜಾಗ. ಮೈಕನ್ನು ಮಾತ್ರ ಕೇಳಿ ನೋಡಲು ಬಿಡುವ ಸಂಗೀತ ವಾದ್ಯಗಳ ಅಂಗಡಿಯಲ್ಲಿ ತೆಗೆದುಕೊಳ್ಳಿ. ನಿಮ್ಮದೇ ಹೆಡ್‌ಫೋನ್ ಒಯ್ಯಿರಿ. ಜಿಎಸ್‌ಟಿ ಬಿಲ್ಲು, ವಾರಂಟಿ ಕೇಳಿ ಪಡೆಯಿರಿ. ಎಸ್‌ಎಂ58ನಂಥ ಹೆಸರಾಂತ ಮೈಕುಗಳ ನಕಲಿಗಳು ಜಗತ್ತಿನ ತುಂಬ ಓಡಾಡುತ್ತಿವೆ. ಅರ್ಧ ಬೆಲೆಗೆ ಸಿಕ್ಕಿತು ಅಂದರೆ ಅನುಮಾನ ಪಡಿ.

ಅಮ್ಮನ ಹಾಡುಗಳು

ಈ ತಿಂಗಳು ಬಂದ ಒಂದು ಪತ್ರಕ್ಕೆ ಪ್ರತ್ಯೇಕವಾಗಿ ಉತ್ತರಿಸಬೇಕು. ಥಾಣೆಯ ಓದುಗರೊಬ್ಬರ ತಾಯಿ ಗದಗದ ಕಡೆಯವರು, ವಯಸ್ಸು ಎಂಬತ್ತರ ಹತ್ತಿರ. ಮಗಳ ಮನೆಗೆ ಒಂದು ತಿಂಗಳ ಮಟ್ಟಿಗೆ ಬರುತ್ತಿದ್ದಾರೆ. ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಅವರಿಗೆ ನೆನಪಿವೆ. ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. "ಅವ್ವನ ದನಿ ನಡುಗುತ್ತೆ, ದಮ್ಮು ಸಾಲೋದಿಲ್ಲ. ಎಂಥ ಮೈಕು ತಗೊಳ್ಳಲಿ?" ಅಂತ ಕೇಳಿದ್ದಾರೆ.

ತಾಯಿ, ಮೊದಲನೆಯ ಮಾತು: ಮೈಕು ಬರುವವರೆಗೆ ಕಾಯಬೇಡಿ. ಅವ್ವ ಬಂದ ದಿನವೇ ಫೋನಿನಲ್ಲಿ ಹಿಡಿಯಲು ಶುರು ಮಾಡಿ. ಒಳ್ಳೆಯ ಮೈಕಿಗೆ ಕಾದು ತಪ್ಪಿಹೋದ ಹಾಡಿಗಿಂತ ಫೋನಿನಲ್ಲಿ ಸಿಕ್ಕ ಹಾಡು ಸಾವಿರ ಪಾಲು ಮೇಲು.

ಆಮೇಲೆ ಮೈಕು. ಅವರ ಕೈಗೆ ಡೈನಾಮಿಕ್ ಕೊಟ್ಟು ಬಾಯಿಗೆ ಹಿಡಿಯಿರಿ ಅಂದರೆ ಅವರು ಹಾಡುವುದನ್ನು ಬಿಟ್ಟು ಮೈಕನ್ನೇ ನೋಡುತ್ತಾರೆ. ಇಲ್ಲಿ ಕಂಡೆನ್ಸರ್ ಬೇಕು. ಒಂದೂವರೆ ಗೇಣು ದೂರದಿಂದಲೂ ಮೆಲುದನಿಯನ್ನು ಹಿಡಿಯುತ್ತದೆ, ಉಸಿರನ್ನೂ ಹಿಡಿಯುತ್ತದೆ. ಯುಎಸ್‌ಬಿ ಮೈಕಾದರೂ ಸಾಕು, ಎಟಿ2020 ಆದರೂ ಸರಿ. ಅವರು ನೆಲದ ಮೇಲೆ ಕೂತು ಹಾಡುವವರಾದರೆ ನೆಲದ ಮೇಲೆಯೇ ಕೂರಲಿ, ಕೆಳಗೆ ಜಮಖಾನ ಹಾಸಿ, ಸ್ಟ್ಯಾಂಡನ್ನು ತಗ್ಗಿಸಿ, ಮೈಕು ಗದ್ದದ ಮಟ್ಟಕ್ಕೆ, ಸ್ವಲ್ಪ ಪಕ್ಕಕ್ಕೆ ಬರಲಿ. ಇಂಥ ಮೈಕುಗಳಿಗೆ ಹಾಡಬೇಕಾದದ್ದು ತುದಿಗಲ್ಲ, ಪಕ್ಕಕ್ಕೆ. ಕಂಪನಿಯ ಗುರುತು ಇರುವ ಕಡೆ ಸಾಮಾನ್ಯವಾಗಿ ಮುಂಭಾಗ. ಬಳೆ ಸದ್ದು ಮಾಡಿದರೆ ಮಾಡಲಿ, ತೆಗೆಸಬೇಡಿ.

ಇಂಟರ್‌ಫೇಸಿನ ಮಟ್ಟ ಅವರು ಜೋರಾಗಿ ಹಾಡಿದಾಗಲೂ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಯಾವ ತಂತ್ರಾಂಶವೂ ಪೂರ್ತಿ ಸರಿಮಾಡದು. ತಗ್ಗಾಗಿ ಸಿಕ್ಕ ದನಿಯನ್ನು ಏರಿಸಬಹುದು. ಗುಂಡಿ ಒತ್ತಿದ ಮೇಲೆ ನಿಲ್ಲಿಸಬೇಡಿ, ಓಡುತ್ತಿರಲಿ. ಹಾಡಿನ ನಡುವೆ ಅವರು ಈ ಪದ ಯಾರಿಂದ ಕಲಿತೆ, ಯಾವ ಮದುವೆಯಲ್ಲಿ ಹಾಡಿದೆ ಅಂತ ಹೇಳುವ ಮಾತು ಹಾಡಿನಷ್ಟೇ ಬೆಲೆಯುಳ್ಳದ್ದು. ಒಂದು ಸಾಲು ಮರೆತು ತಡವರಿಸಿದರೆ ನೀವು ತುಂಬಿಕೊಡಬೇಡಿ, ಕಾಯಿರಿ. ಕೊನೆಗೆ ನಿಮ್ಮ ದನಿಯಲ್ಲೇ ಹಾಡಿದವರ ಹೆಸರು, ಊರು, ತಾರೀಖು ಹೇಳಿ. ಹತ್ತು ವರ್ಷದ ಮೇಲೆ ಕಡತದ ಹೆಸರು ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ.

ವೇವ್ ಕಡತವಾಗಿ ಉಳಿಸಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದೇ ಮೈಕಿನ ಒಂದು ಗಂಟೆಗೆ ಸುಮಾರು 520 ಎಂಬಿ ಜಾಗ ಬೇಕು. ಇವತ್ತಿನ ಪೆನ್‌ಡ್ರೈವಿಗೆ ಅದು ಯಾವ ಲೆಕ್ಕ? ವಾಟ್ಸಾಪಿನಲ್ಲಿ ಕಳಿಸಿದ್ದು ಕುಗ್ಗಿದ ಪ್ರತಿ, ಅದನ್ನೇ ಮೂಲ ಅಂತ ಇಟ್ಟುಕೊಳ್ಳಬೇಡಿ. ಮೂರು ಕಡೆ ಇಡಿ, ಅದರಲ್ಲಿ ಒಂದು ನಿಮ್ಮ ಮನೆಯಿಂದ ಹೊರಗೆ, ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇರಲಿ. ಸಂಸ್ಕರಣೆಗೆ ಪುಕ್ಕಟೆ ಸಿಗುವ ಅಡಾಸಿಟಿ ಸಾಕು. ಸದ್ದು ತೆಗೆಯುವ ಸೌಲಭ್ಯವನ್ನು ಅತಿಯಾಗಿ ಬಳಸಿದರೆ ಅವ್ವನ ದನಿ ನೀರಿನೊಳಗಿಂದ ಬಂದ ಹಾಗಾಗುತ್ತದೆ. ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಮಾತ್ರ ಕೈಯಾಡಿಸಿ.

ಕೊಂಡ ಮೇಲೆ

ಕಂಡೆನ್ಸರಿಗೆ ತೇವ ಆಗದು. ಮುಂಬಯಿ, ಚೆನ್ನೈಯ ಹವೆಯಲ್ಲಿ ಪೊರೆಯ ಸಂದಿಗೆ ತೇವ ಸೇರಿದರೆ ಚಟಪಟ ಸದ್ದು ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಸ್ಟ್ಯಾಂಡಿನಲ್ಲೇ ಬಿಡದೆ, ಗಾಳಿಯಾಡದ ಅಡುಗೆಮನೆಯ ಡಬ್ಬಿಯಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ದಿಲ್ಲಿಯವರಿಗೆ ಧೂಳು ದೊಡ್ಡ ಶತ್ರು, ಅವರಿಗೂ ಡಬ್ಬಿಯೇ ಮದ್ದು. 48 ವೋಲ್ಟಿನ ಗುಂಡಿ ಒತ್ತುವ ಮುನ್ನ ಮಟ್ಟವನ್ನು ಪೂರ್ತಿ ಇಳಿಸಿ, ಇಲ್ಲವಾದರೆ ಹೆಡ್‌ಫೋನಿನಲ್ಲಿ ಢಬ್ ಅಂದು ಕಿವಿಗೆ ಪೆಟ್ಟಾಗುತ್ತದೆ. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಮೈಕು ಕೈಗೆ ಸಿಕ್ಕ ಕೂಡಲೇ ಟಕಟಕ ಬಡಿದು ಫೂ ಫೂ ಅಂತ ಊದುವ ಪದ್ಧತಿ ಇದೆಯಲ್ಲ, ಅದನ್ನು ವೇದಿಕೆಯ ಡೈನಾಮಿಕ್ ತಡೆದುಕೊಳ್ಳುತ್ತದೆ. ಮನೆಯ ಕಂಡೆನ್ಸರ್ ತಡೆದುಕೊಳ್ಳುವುದಿಲ್ಲ. ಮಕ್ಕಳಿಗೆ ಮೊದಲೇ ಹೇಳಿಡಿ, ಮನೆಗೆ ಬರುವ ಮಾವಂದಿರಿಗೂ.

ಮುಂದಿನ ತಿಂಗಳು ಒಂದೇ ಮೈಕಿನಲ್ಲಿ ಹಾಡು, ಹಾರ್ಮೋನಿಯಂ, ತಬಲಾ ಮೂರನ್ನೂ ಹಿಡಿಯುವುದು ಹೇಗೆ ಅನ್ನುವುದನ್ನು ನೋಡೋಣ. ಅಷ್ಟರಲ್ಲಿ ನಿಮ್ಮ ಕೋಣೆಯ ಎರಡು ನಿಮಿಷದ ಪರೀಕ್ಷೆ ಮಾಡಿ ಮುಗಿಸಿರಿ.